ಕೊರಳಿನ ಸಂಖ್ಯೆ, ಕಾಡಿನ ಹಕ್ಕು

ಅದೊಂದು ಕಪ್ಪು ಬಿಳುಪಿನ ಭಾವಚಿತ್ರ. ತರುಣಿಯೊಬ್ಬಳು ಕ್ಯಾಮೆರಾವನ್ನು ನೇರವಾಗಿ ನೋಡುತ್ತಿದ್ದಾಳೆ. ಅವಳ ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಫಲಕ. ಅದರ ಮೇಲೆ ಒಂದು ಸಂಖ್ಯೆ. ಮುಂದಿನ ಚಿತ್ರದಲ್ಲಿ ಒಬ್ಬ ಹುಡುಗ, ಅವನಿಗೆ ಬೇರೊಂದು ಸಂಖ್ಯೆ. ಅದರ ಮುಂದಿನದರಲ್ಲಿ ತಾಯಿ ಮತ್ತು ಕೂಸು. ಹಿನ್ನೆಲೆ ತಿಳಿಯದವರು ಇವನ್ನು ಪೊಲೀಸ್ ಠಾಣೆಯ ಕಡತದಿಂದ ತೆಗೆದ ಚಿತ್ರಗಳೆಂದು ಭಾವಿಸಬಹುದು. ವಾಸ್ತವದಲ್ಲಿ ಇವು 1980ರ ದಶಕದ ಆರಂಭದಲ್ಲಿ ಬ್ರೆಜಿಲ್ ದೇಶದ ಅಮೆಜಾನ್ ಮಳೆಕಾಡಿನಲ್ಲಿ ಲಸಿಕೆ ಹಾಕುವಾಗ ತೆಗೆದ ಚಿತ್ರಗಳು. ಚಿತ್ರದಲ್ಲಿರುವವರು ಯಾನೋಮಾಮಿ ಎಂಬ ಬುಡಕಟ್ಟಿನವರು. ತೆಗೆದಾಕೆ ಕ್ಲೌಡಿಯಾ ಆಂಡುಜಾರ್.

ಹೆಸರಿನ ಬದಲು ಸಂಖ್ಯೆ ಏಕೆ ಬಂತು? ಯಾನೋಮಾಮಿಗಳಲ್ಲಿ ಒಬ್ಬರ ಹೆಸರನ್ನು ಅವರ ಎದುರಿಗೆ ಹೇಳುವುದು ಅಪಮಾನ. ಸತ್ತವರ ಹೆಸರನ್ನಂತೂ ಎತ್ತುವಂತೆಯೇ ಇಲ್ಲ. ಸಾಮಾನ್ಯವಾಗಿ ಅವರು ಒಬ್ಬರನ್ನೊಬ್ಬರು ಕರೆಯುವುದು ನಂಟಿನ ಪದಗಳಿಂದ. ಆದರೆ ಯಾರಿಗೆ ಯಾವ ಲಸಿಕೆ ಹಾಕಿದೆ, ಎರಡನೆಯ ಸುತ್ತು ಯಾರಿಗೆ ಬಾಕಿ ಎಂದು ವೈದ್ಯರು ಲೆಕ್ಕ ಇಡಬೇಕಲ್ಲ? ಅದಕ್ಕೆ ಕಂಡುಕೊಂಡ ಉಪಾಯವೇ ಕೊರಳಿನ ಫಲಕ ಮತ್ತು ಒಂದು ಭಾವಚಿತ್ರ.

ಈ ಉಪಾಯ ಆಂಡುಜಾರ್ ಅವರ ಮನಸ್ಸನ್ನು ಕೊರೆಯದೆ ಬಿಡಲಿಲ್ಲ. 1931ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಟ್ರಾನ್ಸಿಲ್ವೇನಿಯಾದಲ್ಲಿ ಬೆಳೆದ ಆಕೆಯ ತಂದೆ ಯಹೂದಿ. ತಂದೆಯೂ ತಂದೆಯ ಕಡೆಯ ಬಂಧುಗಳೂ ನಾತ್ಸಿ ಶಿಬಿರಗಳಲ್ಲಿ ಸತ್ತರು. ಮನುಷ್ಯರಿಗೆ ಗುರುತು ಹಚ್ಚಿ ಸಾವಿಗೆ ಅಟ್ಟಿದ್ದನ್ನು ಎಳವೆಯಲ್ಲೇ ಕಂಡಿದ್ದ ಆಕೆ, ಈಗ ಬದುಕಿಸುವ ಸಲುವಾಗಿ ಮನುಷ್ಯರಿಗೆ ಗುರುತು ಹಚ್ಚುತ್ತಿದ್ದರು. ಉದ್ದೇಶ ಬೇರೆಯಾದರೂ ಗುರುತು ಹಚ್ಚುವ ಅಧಿಕಾರ ಹೊರಗಿನವರ ಕೈಯಲ್ಲೇ ಇತ್ತು. ಕಾಡಿನ ಜನರಿಗೆ ನೆರವಾಗಲು ಹೊರಟ ಎಲ್ಲರನ್ನೂ ಕಾಡಬೇಕಾದ ಪ್ರಶ್ನೆ ಇದು. ನೆರವು ಎಂದರೆ ಯಾರು ಯಾರಿಗೆ ಏನನ್ನು ಕೊಡುವುದು? ಅದನ್ನು ತೀರ್ಮಾನಿಸುವವರು ಯಾರು? ಯಾನೋಮಾಮಿಗಳ ಕಳೆದ ಅರ್ಧ ಶತಮಾನದ ಇತಿಹಾಸವನ್ನು ಈ ಪ್ರಶ್ನೆಗೆ ಹುಡುಕಿದ ಉತ್ತರವೆಂದೇ ಓದಬಹುದು.

ರಸ್ತೆಯ ಜೊತೆ ಬಂದ ಸಾವು

ಬ್ರೆಜಿಲ್‌ನ ಉತ್ತರದ ತುದಿ ಮತ್ತು ವೆನೆಜುವೆಲಾದ ದಕ್ಷಿಣ ಭಾಗ ಕೂಡುವ ಬೆಟ್ಟಗಾಡು ಯಾನೋಮಾಮಿಗಳ ನೆಲೆ. ಅವರಲ್ಲಿ ಅನೇಕರದು ದುಂಡನೆಯ ದೊಡ್ಡ ಮನೆ. ನಡುವೆ ಬಯಲು, ಸುತ್ತ ಸೂರು; ಸೂರಿನಡಿಯಲ್ಲಿ ಒಂದೊಂದು ಕುಟುಂಬಕ್ಕೂ ಒಂದೊಂದು ಒಲೆ, ಅದರ ಸುತ್ತ ತೂಗುಮಂಚಗಳು. ಇಡೀ ಊರೇ ಒಂದು ಮನೆ. ಬಾಳೆ, ಮರಗೆಣಸು ಬೆಳೆಯುತ್ತಾರೆ, ಬೇಟೆಯಾಡುತ್ತಾರೆ, ಮೀನು ಹಿಡಿಯುತ್ತಾರೆ. ತೋಟದ ನೆಲ ಸೊರಗಿದಾಗ ಬೇರೆಡೆಗೆ ಸರಿಯುತ್ತಾರೆ. ಆದ್ದರಿಂದ ಅವರಿಗೆ ಬೇಕಾದ್ದು ಮನೆಯ ಸುತ್ತಲಿನ ನಾಲ್ಕು ಎಕರೆಯಲ್ಲ, ವಿಶಾಲವಾದ ಕಾಡು. ಈ ಒಂದು ಸಂಗತಿಯನ್ನು ಅರ್ಥ ಮಾಡಿಕೊಳ್ಳಲು ಸರ್ಕಾರಗಳಿಗೆ ದಶಕಗಳೇ ಹಿಡಿದವು.

ಬುಡಕಟ್ಟು ಜನರ ರಕ್ಷಣೆಗೆಂದು ಬ್ರೆಜಿಲ್ 1910ರಲ್ಲೇ ಒಂದು ಇಲಾಖೆಯನ್ನು ಸ್ಥಾಪಿಸಿತ್ತು. ರಕ್ಷಣೆಯ ಹೆಸರು ಹೊತ್ತ ಅದೇ ಇಲಾಖೆಯ ನೌಕರರು ಭೂಮಿ ಕಬಳಿಕೆಯಲ್ಲಿ, ಹಿಂಸೆಯಲ್ಲಿ, ಕೊಲೆಗಳಲ್ಲಿ ಭಾಗಿಗಳೆಂದು 1967ರ ಸರ್ಕಾರಿ ತನಿಖೆ ಬಯಲಿಗೆಳೆಯಿತು. ಇಲಾಖೆಯನ್ನು ಮುಚ್ಚಿ ಫುನಾಯ್ ಎಂಬ ಹೊಸ ಸಂಸ್ಥೆಯನ್ನು ತೆರೆಯಲಾಯಿತು. ಬ್ರಿಟಿಷ್ ಲೇಖಕ ನಾರ್ಮನ್ ಲೂಯಿಸ್ 1969ರಲ್ಲಿ ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆಯಲ್ಲಿ ಈ ಕುರಿತು ಬರೆದ ದೀರ್ಘ ಲೇಖನ ಯೂರೋಪಿನಲ್ಲಿ ಕೋಲಾಹಲ ಎಬ್ಬಿಸಿತು. ಅದರ ಫಲವಾಗಿ ಅದೇ ವರ್ಷ ಹುಟ್ಟಿದ ಸಂಸ್ಥೆಯೇ 'ಸರ್ವೈವಲ್ ಇಂಟರ್‌ನ್ಯಾಷನಲ್'.

ಕಾಡಿನೊಳಗೆ ಹೊರಗಿನವರು ಕಾಲಿಟ್ಟಾಗಲೆಲ್ಲ ಅವರ ಜೊತೆ ರೋಗವೂ ಬಂತು. ತೂತೂತೋಬಿ ನದಿಯ ಮೇಲ್ಭಾಗದಲ್ಲಿದ್ದ ಧರ್ಮಪ್ರಚಾರಕರ ಕೇಂದ್ರದಿಂದ 1967ರಲ್ಲಿ ಹರಡಿದ ದಡಾರ ಅನೇಕರನ್ನು ಬಲಿ ತೆಗೆದುಕೊಂಡಿತು. ಆಗ ಇನ್ನೂ ಬಾಲಕನಾಗಿದ್ದ ದಾವಿ ಕೊಪೆನಾವಾ ತನ್ನ ತಾಯಿಯನ್ನೂ ಬಂಧುಗಳನ್ನೂ ಕಳೆದುಕೊಂಡ. ಮುಂದೆ ಇಡೀ ಜನಾಂಗದ ದನಿಯಾದವರು ಇವರೇ.

ಅದೇ ಕಾಲಕ್ಕೆ ಅಮೆರಿಕದ ವಿಜ್ಞಾನಿಗಳ ತಂಡವೊಂದು ಸಂಶೋಧನೆಗಾಗಿ ಯಾನೋಮಾಮಿಗಳಿಂದ ಸಾವಿರಾರು ರಕ್ತದ ಮಾದರಿಗಳನ್ನು ಪಡೆಯಿತು. ಬದಲಿಗೆ ಸಿಕ್ಕಿದ್ದು ಮಚ್ಚು, ಪಾತ್ರೆಯಂಥ ಸಾಮಾನು. ಯಾರಾದರೂ ಸತ್ತರೆ ಅವರಿಗೆ ಸಂಬಂಧಿಸಿದ ಏನನ್ನೂ ಉಳಿಸದೆ ನಾಶ ಮಾಡುವುದು ಯಾನೋಮಾಮಿಗಳ ಪದ್ಧತಿ. ತಮ್ಮವರ ರಕ್ತ ಅವರು ಸತ್ತ ಮೇಲೂ ದೂರದ ದೇಶದ ಶೀತಲ ಪೆಟ್ಟಿಗೆಗಳಲ್ಲಿ ಉಳಿಯುತ್ತದೆಂದು ಅವರಿಗೆ ಆಗ ತಿಳಿದಿರಲಿಲ್ಲ.

ಸೇನಾ ಸರ್ಕಾರ 1973ರಲ್ಲಿ ಯಾನೋಮಾಮಿ ನೆಲದ ಆಗ್ನೇಯ ಭಾಗವನ್ನು ಸೀಳಿಕೊಂಡು ಹೋಗುವ ಹೆದ್ದಾರಿಯ ಕಾಮಗಾರಿ ಆರಂಭಿಸಿತು. ಕೂಲಿಕಾರರ ಜೊತೆ ನೆಗಡಿ, ಜ್ವರ, ದಡಾರಗಳೂ ಬಂದವು. ನಮಗೆ ಮೂರು ದಿನ ಮಲಗಿ ಏಳುವ ಕಾಯಿಲೆ, ಅದನ್ನು ಎಂದೂ ಕಾಣದ ದೇಹಕ್ಕೆ ಮೃತ್ಯು. ಹಲವು ಹಳ್ಳಿಗಳು ಬರಿದಾದವು. 1976ರಲ್ಲಿ ಹೆದ್ದಾರಿಯ ಕೆಲಸವನ್ನೇ ಕೈಬಿಡಲಾಯಿತು. ರಸ್ತೆ ಪೂರ್ತಿಯಾಗಲಿಲ್ಲ; ಹೋದ ಜೀವಗಳು ಮರಳಲಿಲ್ಲ.

ಮೊದಲು ನೆಲ

ಪತ್ರಿಕೆಯೊಂದರ ಛಾಯಾಗ್ರಾಹಕಿಯಾಗಿ 1971ರಲ್ಲಿ ಇಲ್ಲಿಗೆ ಬಂದ ಆಂಡುಜಾರ್ ಮತ್ತೆ ಮತ್ತೆ ಬಂದು ಅವರ ನಡುವೆ ತಿಂಗಳುಗಟ್ಟಲೆ ಉಳಿದರು. ಕಾಗದ, ಬಣ್ಣದ ಪೆನ್ನುಗಳನ್ನು ಕೊಟ್ಟು ಅವರ ಲೋಕವನ್ನು ಅವರಿಂದಲೇ ಬರೆಸಿದರು. ಸೇನಾ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಆಕೆಯನ್ನು ಕಾಡಿನಿಂದ ಹೊರಹಾಕಲಾಯಿತು. ಸಾವೊ ಪಾಲೊ ನಗರಕ್ಕೆ ಮರಳಿದ ಆಂಡುಜಾರ್, ಇಟಲಿ ಮೂಲದ ಧರ್ಮಸೋದರ ಕಾರ್ಲೊ ಝಕ್ಕೀನಿ ಮತ್ತು ಫ್ರೆಂಚ್ ಮಾನವಶಾಸ್ತ್ರಜ್ಞ ಬ್ರೂಸ್ ಅಲ್ಬೇರ್ ಮೊದಲಾದವರೊಂದಿಗೆ ಸೇರಿ 1978ರಲ್ಲಿ ಒಂದು ಸಮಿತಿಯನ್ನು ಕಟ್ಟಿದರು. 'ಯಾನೋಮಾಮಿ ಉದ್ಯಾನದ ಸ್ಥಾಪನೆಗಾಗಿ ಸಮಿತಿ' ಎಂಬ ಅರ್ಥದ ಅದರ ಹೆಸರಿನ ಸಂಕ್ಷಿಪ್ತ ರೂಪ ಸಿಸಿಪಿವೈ.

ಆ ಹೆಸರಿನಲ್ಲೇ ಒಂದು ನಿಲುವು ಇತ್ತು ಎಂಬುದನ್ನು ಗಮನಿಸಬೇಕು. ಅನಾಥಾಲಯಕ್ಕಾಗಿಯೋ ಬಟ್ಟೆ ಹಂಚಲಿಕ್ಕೋ ಹುಟ್ಟಿದ ಸಮಿತಿ ಅದಲ್ಲ. ನೆಲ ಉಳಿಯದೆ ಜನ ಉಳಿಯುವುದಿಲ್ಲ, ಹಾಗಾಗಿ ಮೊದಲ ಬೇಡಿಕೆ ಅಖಂಡವಾದ ಕಾಡಿನ ಮೇಲಿನ ಹಕ್ಕು ಎಂಬುದು ಅದರ ಲೆಕ್ಕ. ಆದರೆ ಹಕ್ಕು ಸಿಗುವವರೆಗೆ ಜನ ಬದುಕಿರಬೇಕಲ್ಲ? ಆ ಕಾರಣಕ್ಕೆ ಲಸಿಕೆ ಕಾರ್ಯಕ್ರಮ. ಆಂಡುಜಾರ್ ಇಬ್ಬರು ವೈದ್ಯರೊಡನೆ ಮನೆಯಿಂದ ಮನೆಗೆ ಅಲೆದರು. ಕೊರಳಿನ ಫಲಕದ ಚಿತ್ರಗಳು ಆಗ ತೆಗೆದವು. ಅವು ಕಲಾಕೃತಿಗಳಾಗಿ ಪ್ರದರ್ಶನ ಕಂಡದ್ದು ಎರಡು ದಶಕಗಳ ನಂತರ.

ಈ ನಡುವೆ ಇನ್ನೊಂದು ಆಪತ್ತು ಬಂತು. 1975ರ ವೈಮಾನಿಕ ಸಮೀಕ್ಷೆಯಿಂದಲೇ ಇಲ್ಲಿನ ನೆಲದಡಿ ಖನಿಜವಿರುವ ಸುದ್ದಿ ಹಬ್ಬಿತ್ತು. 1980ರ ದಶಕದ ಕೊನೆಯ ಹೊತ್ತಿಗೆ ಚಿನ್ನದ ಆಸೆಗೆ ಬಂದ ಅಕ್ರಮ ಗಣಿಗಾರರ ಸಂಖ್ಯೆ 40 ಸಾವಿರ ಮುಟ್ಟಿತೆಂದು ಅಂದಾಜು. ಕಾಡಿನ ನಡುವೆ ವಿಮಾನದ ಓಡುದಾರಿಗಳು ಎದ್ದವು. ನದಿಯ ಕೆಸರಿನಿಂದ ಚಿನ್ನವನ್ನು ಬೇರ್ಪಡಿಸಲು ಬಳಸುವ ಪಾದರಸ ನೀರಿಗೆ ಸೇರಿತು, ಅಲ್ಲಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ. ಅಗೆದ ಗುಂಡಿಗಳಲ್ಲಿ ನಿಂತ ನೀರು ಮಲೇರಿಯಾದ ಸೊಳ್ಳೆಗೆ ತೊಟ್ಟಿಲಾಯಿತು. ಸಾವಿರಕ್ಕೂ ಹೆಚ್ಚು ಯಾನೋಮಾಮಿಗಳು ಸತ್ತರು. ಜನ ಸಾಯುತ್ತಿದ್ದಾಗಲೇ, 1987ರಲ್ಲಿ, ಸರ್ಕಾರ ವೈದ್ಯರನ್ನೂ ಸಮಿತಿಯವರನ್ನೂ ಧರ್ಮಪ್ರಚಾರಕರನ್ನೂ ಕಾಡಿನಿಂದ ಹೊರಗೆ ಕಳಿಸಿತು. ಗಣಿಗಾರರು ಮಾತ್ರ ಒಳಗೇ ಉಳಿದರು. ಇಷ್ಟು ಸಾಲದೆಂಬಂತೆ ಯಾನೋಮಾಮಿ ನೆಲವನ್ನು 19 ತುಂಡುಗಳಾಗಿ ಒಡೆದು, ನಡುವಿನ ಕಾಡನ್ನು ಇತರ ಬಳಕೆಗೆ ತೆರೆಯುವ ಯೋಜನೆಯೂ ಬಂತು.

ಒಡೆದ ನೆಲ ಬೇಡ ಎಂದು ಹೇಳಬೇಕಾದವರು ಯಾರು? ಅದುವರೆಗೆ ಸಮಿತಿಯವರು ಹೇಳುತ್ತಿದ್ದರು. ಈಗ ದಾವಿ ಕೊಪೆನಾವಾ ಸ್ವತಃ ಹೇಳತೊಡಗಿದರು. ಫುನಾಯ್‌ನಲ್ಲಿ ದುಭಾಷಿಯಾಗಿ ದುಡಿದಿದ್ದ ಅವರಿಗೆ ಬಿಳಿಯರ ಭಾಷೆ ಗೊತ್ತಿತ್ತು. ಮಾವನ ಬಳಿ ಕಲಿತು ಶಾಮನ್ ಆಗಿದ್ದರಿಂದ ತಮ್ಮವರ ವಿದ್ಯೆಯೂ ಗೊತ್ತಿತ್ತು. 1988ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅವರಿಗೆ 'ಗ್ಲೋಬಲ್ 500' ಪ್ರಶಸ್ತಿ ನೀಡಿತು. ಮರುವರ್ಷ 'ಪರ್ಯಾಯ ನೊಬೆಲ್' ಎಂದು ಹೆಸರಾದ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸರ್ವೈವಲ್ ಸಂಸ್ಥೆಗೆ ಬಂದಾಗ, ಆ ವೇದಿಕೆಯಲ್ಲಿ ಮಾತಾಡಲು ಸಂಸ್ಥೆ ದಾವಿಯವರನ್ನು ಕರೆಸಿತು. ಅದು ಅವರ ಮೊದಲ ವಿದೇಶ ಪ್ರಯಾಣ. ಪ್ರಶಸ್ತಿ ಬಂದದ್ದು ನೆರವಿನ ಸಂಸ್ಥೆಗೆ, ಮಾತು ಸಂದದ್ದು ನೆಲದ ಒಡೆಯನಿಗೆ.

ಇದೇ 1989ರಲ್ಲಿ ಇನ್ನೊಂದು ಬಗೆಯ ಪ್ರಯತ್ನವೂ ಜಗತ್ತಿನ ಗಮನ ಸೆಳೆಯಿತು. ಬ್ರಿಟಿಷ್ ಗಾಯಕ ಸ್ಟಿಂಗ್, ಕಯಾಪೊ ಬುಡಕಟ್ಟಿನ ಮುಖಂಡ ರವೋನಿಯವರ ಜೊತೆ ದೇಶದಿಂದ ದೇಶಕ್ಕೆ ಸುತ್ತಿ ಹಣ ಕೂಡಿಸಿದರು. 'ರೈನ್‌ಫಾರೆಸ್ಟ್ ಫೌಂಡೇಶನ್' ಹುಟ್ಟಿತು. ಬೆಳಕೆಲ್ಲ ಗಾಯಕನ ಮೇಲೆ ಬಿತ್ತು ಎಂಬ ಟೀಕೆ ಬಂದದ್ದು ಸಹಜ. ಆದರೂ ಆ ಹಣ ಮತ್ತು ಒತ್ತಡ ವ್ಯರ್ಥವಾಗಲಿಲ್ಲ. ಕಯಾಪೊಗಳ ಮೆಂಕ್ರಾಗ್ನೋಟಿ ನೆಲದ ಗಡಿ 1993ರಲ್ಲಿ ಅಧಿಕೃತವಾಗಿ ನಿಗದಿಯಾಯಿತು. ಎರಡೂ ಕಥೆಗಳಲ್ಲಿ ಫಲ ಕೊಟ್ಟದ್ದು ಒಂದೇ ಸಂಗತಿ: ಹೊರಗಿನ ಹಣ ಜನರ ಕೈಗೆ ವಸ್ತುಗಳಾಗಿ ಹೋಗುವ ಬದಲು ಅವರ ನೆಲಕ್ಕೆ ಗಡಿಯಾಗಿ ನಿಂತಿತು.

ಸೇನಾ ಆಡಳಿತ ಮುಗಿದ ಮೇಲೆ ಬಂದ 1988ರ ಬ್ರೆಜಿಲ್ ಸಂವಿಧಾನ ಮೂಲನಿವಾಸಿಗಳಿಗೆ ಅವರು ಪರಂಪರೆಯಿಂದ ನೆಲೆಸಿದ ನೆಲದ ಮೇಲೆ ಹಕ್ಕಿದೆ ಎಂದು ಒಪ್ಪಿತ್ತು. ರಿಯೊ ನಗರದ ಭೂಶೃಂಗಸಭೆಗೆ ಕೆಲವೇ ದಿನಗಳಿದ್ದಾಗ, 1992ರ ಮೇ 25ರಂದು, ಅಧ್ಯಕ್ಷ ಕೊಲ್ಲೊರ್ ಯಾನೋಮಾಮಿ ನೆಲವನ್ನು ಅಂತಿಮವಾಗಿ ಮಾನ್ಯ ಮಾಡಿದರು. 19 ತುಂಡುಗಳ ಬದಲು ಒಂದೇ ಅಖಂಡ ಕಾಡು. ವಿಸ್ತಾರ ಸುಮಾರು 96 ಸಾವಿರ ಚದರ ಕಿಲೊಮೀಟರ್. ಕರ್ನಾಟಕದ ಅರ್ಧದಷ್ಟು ನೆಲ ಎಂದರೆ ಓದುಗರಿಗೆ ಅಂದಾಜು ಸಿಕ್ಕೀತು. ಸಮಿತಿ ಹುಟ್ಟಿ ಆಗ 14 ವರ್ಷಗಳಾಗಿದ್ದವು.

ಕಾಗದದ ಮೇಲಿನ ಗಡಿ ಬಂದೂಕನ್ನು ತಡೆಯಲಿಲ್ಲ. ಮರುವರ್ಷವೇ ಗಡಿಭಾಗದ ಹಶಿಮು ಎಂಬಲ್ಲಿ ಗಣಿಗಾರರು ಮಕ್ಕಳೂ ಸೇರಿದಂತೆ 16 ಯಾನೋಮಾಮಿಗಳನ್ನು ಕೊಂದರು. ಬ್ರೆಜಿಲ್‌ನ ನ್ಯಾಯಾಲಯ ಅದನ್ನು ಜನಾಂಗಹತ್ಯೆಯೆಂದೇ ಪರಿಗಣಿಸಿ ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು.

ಕೈ ಬದಲಾದ ಕೆಲಸ

ನೆಲ ಸಿಕ್ಕಿತು. ಮುಂದೇನು? ಧರ್ಮಾರ್ಥ ಸಂಸ್ಥೆಗಳು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಗುರಿ ಮುಟ್ಟಿದ ಮೇಲೂ ತಾವು ಅನಿವಾರ್ಯವೆಂದು ತೋರಿಸಿಕೊಳ್ಳುವ ಚಾಳಿ ಅವಕ್ಕೆ ಅಂಟುತ್ತದೆ. ಸಿಸಿಪಿವೈ ಹಿಡಿದ ದಾರಿ ಬೇರೆ. 1995ರಲ್ಲಿ ದಾವಿಯವರ ಊರಿನಿಂದ ಶಾಲಾ ಕಾರ್ಯಕ್ರಮ ಆರಂಭವಾಯಿತು. ಪಾಠ ಯಾನೋಮಾಮಿ ಭಾಷೆಯಲ್ಲಿ. ಕಲಿತ ತರುಣರೇ ಮುಂದೆ ಕಲಿಸುವವರಾದರು. ಓದು ಬರಹ ಬೇಕಾದದ್ದು ತಮ್ಮತನ ಬಿಡುವುದಕ್ಕಲ್ಲ. ಪೇಟೆಯ ಲೆಕ್ಕ, ಸರ್ಕಾರದ ಕಾಗದ, ವೈದ್ಯರ ಚೀಟಿ ಇವನ್ನು ತಾವೇ ಓದಿ ಮೋಸ ಹೋಗದಿರುವುದಕ್ಕೆ.

ಆರೋಗ್ಯದಲ್ಲೂ ಹಾಗೆಯೇ. ಸಮಿತಿಯ ವೈದ್ಯಕೀಯ ತಂಡದಿಂದಲೇ 1999ರಲ್ಲಿ ಉರಿಹಿ ಎಂಬ ಸಂಸ್ಥೆ ಹುಟ್ಟಿ, ಸರ್ಕಾರದ ಹಣದಲ್ಲಿ ಕಾಡಿನೊಳಗಿನ ಚಿಕಿತ್ಸೆಯ ಹೊಣೆ ಹೊತ್ತಿತು. ಯಾನೋಮಾಮಿ ಭಾಷೆಯಲ್ಲಿ 'ಉರಿಹಿ' ಎಂದರೆ ಕಾಡು. ಕಾಡು ಬೇರೆ, ನೆಲ ಬೇರೆ ಎಂಬ ಭೇದ ಆ ಪದದಲ್ಲಿಲ್ಲ. ಯಾನೋಮಾಮಿ ತರುಣರೇ ಸೂಕ್ಷ್ಮದರ್ಶಕದಡಿ ರಕ್ತದ ಹನಿ ನೋಡಿ ಮಲೇರಿಯಾ ಗುರುತಿಸಲು ಕಲಿತರು. ಕೆಲವೇ ವರ್ಷಗಳಲ್ಲಿ ಮಲೇರಿಯಾ ಗಣನೀಯವಾಗಿ ಇಳಿಯಿತು. ಆದರೆ 2004ರಲ್ಲಿ ಸರ್ಕಾರದ ನೀತಿ ಬದಲಾಗಿ ಆ ವ್ಯವಸ್ಥೆ ಕೊನೆಗೊಂಡಿತು. ರೋಗ ಮತ್ತೆ ತಲೆ ಎತ್ತಿತು. ಜ್ಞಾನ ಕೈಗೆ ಬಂದರೂ ಹಣದ ಚೀಲದ ದಾರ ಇನ್ನೊಬ್ಬರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಅದೇ 2004ರಲ್ಲಿ ಯಾನೋಮಾಮಿಗಳು 'ಹುತುಕಾರಾ' ಎಂಬ ತಮ್ಮದೇ ಸಂಘವನ್ನು ಕಟ್ಟಿದರು. ದಾವಿ ಕೊಪೆನಾವಾ ಅದರ ಅಧ್ಯಕ್ಷರಾದರು. ಅವರ ಪುರಾಣದ ಪ್ರಕಾರ ಹಿಂದೊಮ್ಮೆ ಕಳಚಿ ಬಿದ್ದ ಹಳೆಯ ಆಕಾಶವೇ ಇಂದಿನ ನೆಲ. ಅದರ ಹೆಸರು ಹುತುಕಾರಾ. ಹೊರಗಿನವರ ಸಮಿತಿ ಹಂತಹಂತವಾಗಿ ತನ್ನ ಕೆಲಸವನ್ನು ಬಿಟ್ಟುಕೊಟ್ಟು, 2009ರಲ್ಲಿ ಬ್ರೆಜಿಲ್‌ನ ಸಾಮಾಜಿಕ ಪರಿಸರ ಸಂಸ್ಥೆ 'ಇಸಾ'ದಲ್ಲಿ ಲೀನವಾಯಿತು. ಆ ಸಂಸ್ಥೆ ಹುತುಕಾರಾಕ್ಕೆ ಜೊತೆಗಾರನಾಗಿ ನಿಂತಿತೇ ಹೊರತು ಒಡೆಯನಾಗಿ ಅಲ್ಲ. ಸನೋಮಾ ಗುಂಪಿನವರು ತಮ್ಮ ತೋಟಗಳಲ್ಲಿ ಆಯ್ದ ಅಣಬೆ, 2019ರಲ್ಲಿ ಮಾರುಕಟ್ಟೆಗೆ ಬಂದ ಯಾನೋಮಾಮಿ ಕೋಕೋದ ಚಾಕಲೇಟು ಇವೆಲ್ಲ ಈ ಜೊತೆಗಾರಿಕೆಯ ಫಲಗಳು. ಚಿನ್ನ ಅಗೆಯದೆಯೂ ಕಾಡಿನಿಂದ ಸಂಪಾದಿಸಬಹುದೆಂದು ತಮ್ಮ ತರುಣರಿಗೆ ತೋರಿಸುವ ಹಂಬಲ ಹಿರಿಯರಿಗಿತ್ತು.

ಹಳೆಯ ಸಾಲವೂ ಒಂದಿತ್ತು. ಶೀತಲ ಪೆಟ್ಟಿಗೆಗಳಲ್ಲಿದ್ದ ರಕ್ತವನ್ನು ಹಿಂದಿರುಗಿಸಿ ಎಂದು ಯಾನೋಮಾಮಿಗಳು ವರ್ಷಗಟ್ಟಲೆ ಕೇಳಿದರು. ಕೊನೆಗೆ 2015ರಲ್ಲಿ ಅಮೆರಿಕದಿಂದ ಎರಡು ಸಾವಿರಕ್ಕೂ ಹೆಚ್ಚು ಸೀಸೆಗಳು ಮರಳಿ ಬಂದವು. ಅವನ್ನು ತೂತೂತೋಬಿಯ ಕಾಡಿನಲ್ಲಿ ಶಾಮನ್‌ಗಳ ಸಮ್ಮುಖದಲ್ಲಿ ಮಣ್ಣಿಗೆ ಸುರಿಯಲಾಯಿತು. ಸುಮಾರು ಅರ್ಧ ಶತಮಾನದ ಬಳಿಕ ಸತ್ತವರ ಸಂಸ್ಕಾರ ಪೂರ್ಣಗೊಂಡಿತು.

ನಮ್ಮ ಬೆಟ್ಟದ ನಂಟು

ದೂರದ ಅಮೆಜಾನಿನ ಈ ಕಥೆಗೆ ಕನ್ನಡನಾಡಿನ ನಂಟೂ ಉಂಟು. 1989ರಲ್ಲಿ ದಾವಿ ಮಾತಾಡಿದ ಅದೇ ರೈಟ್ ಲೈವ್ಲಿಹುಡ್ ಪ್ರಶಸ್ತಿ 1994ರಲ್ಲಿ ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಮತ್ತು ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರಕ್ಕೆ ಸಂದಿತು. ಸೋಲಿಗರ ನಡುವೆ ಚಿಕಿತ್ಸೆಯಿಂದ ಆರಂಭವಾದ ಆ ಕೆಲಸ ಶಾಲೆಗೆ, ಸಂಘಟನೆಗೆ ಹಬ್ಬಿದ್ದು ನಾಡಿಗೆ ತಿಳಿದ ಸಂಗತಿ. ಬಿಳಿಗಿರಿಯದು ಅಮೆಜಾನಿನಂಥ ಮಳೆಕಾಡಲ್ಲ. ಇಲ್ಲಿ ಜನರನ್ನು ಕದಲಿಸಿದ್ದೂ ಚಿನ್ನವಲ್ಲ, ವನ್ಯಜೀವಿ ರಕ್ಷಣೆಯ ಕಾನೂನು. ಆದರೆ ಪ್ರಶ್ನೆ ಅದೇ. ಸೋಲಿಗರ ಹಿರಿಯರು ಸಂಶೋಧಕರ ಜೊತೆ ಕಾಡು ಸುತ್ತಿ ತಮ್ಮ ದೇವರ ತಾಣಗಳನ್ನು ನಕ್ಷೆಗೆ ಇಳಿಸಿದರು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯದ ಹಕ್ಕುಪತ್ರ ದೊರೆತವು. ಮುಂದೆ 2019ರಲ್ಲಿ ಅದೇ ರೈಟ್ ಲೈವ್ಲಿಹುಡ್ ಪ್ರಶಸ್ತಿ ದಾವಿ ಕೊಪೆನಾವಾ ಮತ್ತು ಹುತುಕಾರಾ ಸಂಘಕ್ಕೇ ಬಂತು. ಮೂವತ್ತು ವರ್ಷಗಳ ಹಿಂದೆ ಬೇರೆಯವರ ಪ್ರಶಸ್ತಿಯ ವೇದಿಕೆಯಲ್ಲಿ ನಿಂತವರು ಈಗ ತಮ್ಮದೇ ಹೆಸರಿನಲ್ಲಿ ನಿಂತರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅದೇ ಸುಮಾರಿಗೆ ಚಿನ್ನದ ಬೆಲೆ ಏರಿತು, ಸರ್ಕಾರದ ಕಾವಲು ಸಡಿಲವಾಯಿತು. ಗಣಿಗಾರರು ಮತ್ತೆ ನುಗ್ಗಿದರು. ಅವರ ಸಂಖ್ಯೆ 20 ಸಾವಿರವೆಂದು ಅಂದಾಜಿಸಲಾಯಿತು. ಮಲೇರಿಯಾ, ಹಸಿವು, ಪಾದರಸ ಮೂರೂ ಒಟ್ಟಿಗೆ ಬಂದವು. ಎಲುಬು ಎದ್ದ ಮಕ್ಕಳ ಚಿತ್ರಗಳು ಹೊರಬಿದ್ದ ಮೇಲೆ 2023ರ ಜನವರಿಯಲ್ಲಿ ಬ್ರೆಜಿಲ್ ಸರ್ಕಾರ ಆರೋಗ್ಯ ತುರ್ತುಸ್ಥಿತಿ ಘೋಷಿಸಿ, ಗಣಿಗಾರರನ್ನು ಹೊರಗಟ್ಟುವ ಕಾರ್ಯಾಚರಣೆ ಆರಂಭಿಸಿತು. ಗಡಿ ಕಾಯುವುದು, ಆಸ್ಪತ್ರೆ ನಡೆಸುವುದು, ಅಪರಾಧಿಗಳನ್ನು ಹಿಡಿಯುವುದು ಸರ್ಕಾರದ ಕೆಲಸ. ಎಂಥ ಸದುದ್ದೇಶದ ಸಂಸ್ಥೆಯೂ ಆ ಜಾಗವನ್ನು ತುಂಬಲಾರದು.

ಹಾಗಾದರೆ ನಾಲ್ಕು ದಶಕಗಳ ಜೊತೆಗಾರಿಕೆಯಿಂದ ಉಳಿದದ್ದೇನು? 1987ರಲ್ಲಿ ಹೊರಗಿನವರನ್ನು ಕಾಡಿನಿಂದ ಕಳಿಸಿದಾಗ ಒಳಗಿನ ಸಾವುಗಳ ಸುದ್ದಿಯನ್ನು ಲೋಕಕ್ಕೆ ಮುಟ್ಟಿಸುವ ದಾರಿಗಳೇ ಕಡಿಮೆಯಿದ್ದವು. ಈ ಸಲ ಹಾಗಾಗಲಿಲ್ಲ. ಕಾಡಿನ ಹಳ್ಳಿಗಳಿಗೂ ಬೋವಾ ವಿಸ್ತಾ ನಗರದಲ್ಲಿನ ಹುತುಕಾರಾ ಕಚೇರಿಗೂ ನಡುವೆ ರೇಡಿಯೊ ಸಂಪರ್ಕವಿತ್ತು. ಯಾವ ನದಿಯಲ್ಲಿ ದೋಣಿಗಳು ಬಂದವು, ಯಾವ ಊರಿನಲ್ಲಿ ಮಗು ಸತ್ತಿತು ಎಂಬ ಸುದ್ದಿ ಯಾನೋಮಾಮಿ ಭಾಷೆಯಲ್ಲೇ ಬರುತ್ತಿತ್ತು. ಕಚೇರಿಯಲ್ಲಿದ್ದವರು ಅದನ್ನು ದೂರಾಗಿ ಬರೆದು, ಸಂಘದ ಹೆಸರಿನಲ್ಲಿ ಸಹಿ ಹಾಕಿ, ಸರ್ಕಾರಕ್ಕೂ ನ್ಯಾಯಾಲಯಕ್ಕೂ ಕಳಿಸುತ್ತಿದ್ದರು. ಬರೆಯುತ್ತಿದ್ದವರು ಕೊರಳಿನಲ್ಲಿ ಸಂಖ್ಯೆ ತೊಟ್ಟು ಕ್ಯಾಮೆರಾದ ಮುಂದೆ ನಿಂತ ಜನರ ಮಕ್ಕಳು, ಮೊಮ್ಮಕ್ಕಳ ಕಾಲದವರು.